ಅಕ್ಕಿಯ ತಾಟಿನಲ್ಲಿ ಬರೆದ ಹೆಸರು

ನಮ್ಮ ಅವ್ವ ಅಪ್ಪನ ಹೆಸರು ಹೇಳುವುದಿಲ್ಲ. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಧಾರವಾಡ ಕಡೆಯ ಅವಳ ಹಿರಿಯರು ಹೇಳಿಕೊಟ್ಟಿದ್ದಾರೆ, ಇವಳು ಕೇಳಿಕೊಂಡಿದ್ದಾಳೆ, ಅಲ್ಲಿಗೆ ಮುಗಿಯಿತು. ಅಪ್ಪ ರೈಲ್ವೆ ನೌಕರಿಗೆಂದು ಕೋಲ್ಕತ್ತಕ್ಕೆ ಬಂದಾಗ ನಾನು ಎರಡು ವರ್ಷದ ಕೂಸು. ಈಗ ನನಗೇ ಐವತ್ತು ಹತ್ತಿರ ಬಂತು. ಇಷ್ಟು ವರ್ಷ ಈ ಊರಿನ ರೇಷನ್ ಅಂಗಡಿ, ಆಸ್ಪತ್ರೆ, ಗ್ಯಾಸ್ ಆಫೀಸು ಎಲ್ಲ ಕಡೆಯೂ ಆಕೆ ಆ ಒಂದು ಹೆಸರನ್ನು ಹೇಳದೆಯೇ ಪಾರಾಗಿದ್ದಾಳೆ. ಯಾರಾದರೂ ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ನಾನು ಜೊತೆಗಿಲ್ಲದಿದ್ದರೆ ಚೀಲದಿಂದ ಯಾವುದೋ ಕಾಗದ ತೆಗೆದು, ಹೆಸರಿರುವ ಕಡೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು.

ಹೇಳುವುದಕ್ಕೆ ಒಂದು ಕಳ್ಳದಾರಿಯಿದೆ, ಅದು ಒಡಪು. ಹೆಂಗಸರು ಸೇರಿದಲ್ಲಿ ಎರಡು ಸಾಲಿನ ಪ್ರಾಸ ಕಟ್ಟಿ, ಅದರ ನಡುವೆ ಗಂಡನ ಹೆಸರು ಸಿಕ್ಕಿಸಿ ಹೇಳಿದರೆ ದೋಷವಿಲ್ಲ. ಇಲ್ಲಿನ ಕನ್ನಡದ ಮನೆಗಳವರು ಸಂಕ್ರಾಂತಿಗೆ ಒಂದೆಡೆ ಸೇರಿದಾಗ ಎಲ್ಲರೂ ಕಾಡಿ ಬೇಡಿದ ಮೇಲೆ ಅವ್ವ ನೆಲ ನೋಡುತ್ತ ಹೇಳುತ್ತಿದ್ದಳು: "ಎಳ್ಳು ಬೆಲ್ಲ ಕೊಡತೀನಿ ಮಂದಿಗೆಲ್ಲ, ಇಂಥವರ ಬಿಟ್ಟು ನನಗ ಬ್ಯಾರೆ ದಿಕ್ಕಿಲ್ಲ." ಇಂಥವರ ಎನ್ನುವಲ್ಲಿ ಅಪ್ಪನ ಹೆಸರು ಬರುತ್ತಿತ್ತು, ಅದೂ ಎಷ್ಟು ಗಡಿಬಿಡಿಯಲ್ಲಿ ಎಂದರೆ ಅರ್ಧ ಅಕ್ಷರ ನುಂಗಿಯೇ ಬಿಡುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಇದು ಯಾರಿಗೂ ಕೇಡು ಮಾಡದ ಒಂದು ಹಳೆಯ ಹುಚ್ಚು ಎಂದು ನಾನು ತಿಳಿದಿದ್ದೆ.

ಅಪ್ಪನಿಗೆ ಮರೆವು ಹತ್ತಿ ಮೂರು ವರ್ಷವಾಯಿತು. ಮೊದಲು ಅವನ ಬಂಗಾಳಿ ಹೋಯಿತು. ನಲವತ್ತು ವರ್ಷ ಆ ಭಾಷೆಯಲ್ಲಿ ಜಗಳವಾಡಿ, ಮೀನಿನವನ ಜೊತೆ ಹರಟೆ ಹೊಡೆದು, ಮೀನು ಮಾತ್ರ ತಿನ್ನದೆ ಬದುಕಿದವನು ಒಂದು ಮುಂಜಾನೆ ಹಾಲಿನವನಿಗೆ ಕನ್ನಡದಲ್ಲೇ ಬೈದ. ಆಮೇಲೆ ಹಿಂದಿ ಹೋಯಿತು. ಈಗ ಅವನಲ್ಲಿ ಉಳಿದಿರುವುದು ಊರಿನ ಕನ್ನಡವೊಂದೇ. ಇಬ್ಬರೂ ನ್ಯೂ ಟೌನಿನ ನನ್ನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದಾರೆ. ಕೆಲವು ದಿನ ನಾನು ಅವನಿಗೆ ಮಗಳು, ಕೆಲವು ದಿನ ತಂಗಿ.

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಇಬ್ಬರನ್ನೂ ದಕ್ಷಿಣೇಶ್ವರದ ಗುಡಿಗೆ ಕರೆದುಕೊಂಡು ಹೋದೆ. ಮೂವರ ಚಪ್ಪಲಿ ಇಟ್ಟು, ಹೂವು ಪ್ರಸಾದದ ಬುಟ್ಟಿ ತರುತ್ತೇನೆ, ಅಪ್ಪನ ಕೈ ಬಿಡಬೇಡ ಎಂದು ಅವ್ವನಿಗೆ ಹೇಳಿ ಸಾಲಿನಲ್ಲಿ ನಿಂತೆ. ಅರ್ಧ ತಾಸಾಯಿತು. ಬುಟ್ಟಿ ಹಿಡಿದು ಬಂದರೆ, ಗೇಟಿನ ಹತ್ತಿರ ವಿಚಾರಣೆಯ ಮೇಜಿನ ಮುಂದೆ ಅವ್ವ ಒಬ್ಬಳೇ ನಿಂತಿದ್ದಳು.

"ಅಪ್ಪ ಎಲ್ಲಿ?"

"ಸೆರಗು ಸರಿ ಮಾಡ್ಕೊಳ್ಳಾಕ ಕೈ ಬಿಟ್ಟೆ. ನೋಡೋದ್ರಾಗ ಇಲ್ಲ."

"ಎಷ್ಟ ಹೊತ್ತಾತು?"

"ಆತು, ಇಪ್ಪತ್ತು ನಿಮಿಷ."

ಮೇಜಿನ ಹಿಂದಿದ್ದ ಸ್ವಯಂಸೇವಕ ಬಂಗಾಳಿಯಲ್ಲಿ ನನಗೆ ಹೇಳಿದ, ಕಳೆದುಹೋದವರ ಹೆಸರೇನೆಂದು ಅಮ್ಮನನ್ನು ಎಷ್ಟು ಸಲ ಕೇಳಿದೆ, ಮಗಳು ಬರುತ್ತಾಳೆ ಎಂದಷ್ಟೇ ಹೇಳುತ್ತಿದ್ದಾರೆ, ಹೆಸರಿಲ್ಲದೆ ಮೈಕಿನಲ್ಲಿ ಏನೆಂದು ಕೂಗಲಿ ಎಂದು.

ಅಲ್ಲಿಂದ ನೂರು ಹೆಜ್ಜೆ ನಡೆದರೆ ಗಂಗೆಯ ಮೆಟ್ಟಿಲು. ಈಜು ಬಾರದ, ತಾನು ಯಾವ ಊರಿನಲ್ಲಿದ್ದೇನೆಂದೇ ತಿಳಿಯದ ಮುದುಕ. ನನ್ನ ಫೋನ್ ನಂಬರಿನ ಚೀಟಿ ಅವನ ನಿನ್ನೆಯ ಅಂಗಿಯ ಜೇಬಿನಲ್ಲಿ ಮನೆಯಲ್ಲೇ ಉಳಿದಿತ್ತು, ಅವ್ವ ಬೆರಳಿಟ್ಟು ತೋರಿಸುವ ಕಾಗದಗಳ ಚೀಲ ನನ್ನ ಹೆಗಲಲ್ಲಿತ್ತು. ಇವಳು ಇಪ್ಪತ್ತು ನಿಮಿಷ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಾಳೆ. ನಾನು ಅಷ್ಟು ಮಂದಿಯ ಎದುರಿಗೆ ಅವ್ವನ ಮೇಲೆ ಹರಿಹಾಯ್ದೆ.

"ನೀ ಹೆಸರು ಹೇಳಿದ್ರ ಆಯುಷ್ಯ ಹೋಗತೈತಿ, ಹೊಳ್ಯಾಗ ಬಿದ್ರ ಉಳಿತೈತೇನು? ಬುದ್ಧಿ ಐತಿ ಇಲ್ಲೋ ನಿನಗ?"

ನಾನೇ ಅಪ್ಪನ ಹೆಸರು ಹೇಳಿದೆ, ಆತ ಮೈಕಿನಲ್ಲಿ ಮೂರು ಸಲ ಕೂಗಿದ. ಪ್ರತಿ ಸಲವೂ ಅವ್ವನ ಭುಜ ಕುಗ್ಗಿತು. ಕಾದೆವು, ಯಾರೂ ಬರಲಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನಿಗೂ ಫೋನಿನಲ್ಲಿದ್ದ ಅಪ್ಪನ ಫೋಟೋ ತೋರಿಸಿದೆ. ಆಮೇಲೆ ಹೊಳೆಯ ಕಡೆ ಹೊರಟೆವು. ಸ್ನಾನದ ಘಾಟಿನಲ್ಲಿ ಬಾಗಿ ನಿಂತ ಪ್ರತಿಯೊಂದು ಬೆನ್ನನ್ನೂ ನೋಡಿದೆ. ಅವ್ವ ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಬರುತ್ತಿದ್ದಳು, ನಾನು ಹಿಂದೆ ತಿರುಗಿ ನೋಡಲೂ ಇಲ್ಲ, ಅಷ್ಟು ಸಿಟ್ಟಿತ್ತು.

ಆಗ ಹೊಳೆ ದಾಟಿಸುವ ಲಾಂಚುಗಳು ನಿಲ್ಲುವ ಫೆರಿ ಘಾಟಿನ ಕಡೆಯಿಂದ ಬೇರೊಂದು ಮೈಕು ಕೂಗಿತು. ಇಂಥ ಹೆಸರಿನವರು ಎಲ್ಲಿದ್ದರೂ ಫೆರಿ ಟಿಕೆಟ್ ಕಿಟಕಿಯ ಹತ್ತಿರ ಬರಬೇಕು, ನಿಮ್ಮವರು ಇಲ್ಲಿ ನಿಮಗಾಗಿ ಕಾಯುತ್ತಿದ್ದಾರೆ. ಅದು ಹೆಣ್ಣಿನ ಹೆಸರು. ನನಗೆ ಗೊತ್ತಿರುವ ಯಾರದೂ ಅಲ್ಲ. ಯಾರೋ ಪುಣ್ಯವಂತರು, ಅವರವರು ಸಿಕ್ಕರು ಎಂದುಕೊಂಡು ಮುಂದಿನ ಮೆಟ್ಟಿಲ ಕಡೆ ನಡೆದೆ. ಎರಡನೇ ಸಲ ಕೂಗಿತು. ಹಿಂದೆ ನೋಡಿದರೆ ಅವ್ವ ಇಲ್ಲ.

ಅವಳೂ ಕಳೆದುಹೋದಳೇ ಎಂದುಕೊಂಡೆ. ಕತ್ತೆತ್ತಿ ನೋಡಿದರೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಫೆರಿ ಘಾಟಿನ ಕಡೆ ಓಡುತ್ತಿದ್ದಳು. ಎಪ್ಪತ್ತರ ಮೇಲಿನವಳು, ಮಂಡಿನೋವಿನವಳು. ನಾನು ಓಡಿ ಹೋಗಿ ತೋಳು ಹಿಡಿದೆ.

"ಎಲ್ಲಿಗೆ ಹೊಂಟಿ? ಅದು ಬ್ಯಾರೆ ಯಾರನ್ನೋ ಕರಿಯಾಕತ್ತಾರ."

"ನನ್ನನ್ನಽ ಕರಿಯಾಕತ್ತಾರ."

"ಅದು ನಿನ್ನ ಹೆಸರಲ್ಲ."

"ನಂದಽ. ನಮ್ಮಪ್ಪ ಇಟ್ಟಿದ್ದು. ನಿಮಗ ಗೊತ್ತಿರೋದು ಲಗ್ನದಾಗ ಇಟ್ಟಿದ್ದು. ತಾಟಿನ್ಯಾಗ ಅಕ್ಕಿ ಹರವಿ ಉಂಗುರಲೆ ಬರೀತಾರಲ್ಲ, ಅದು."

ನಿಂತ ಕಡೆಯೇ ನಿಂತುಬಿಟ್ಟೆ. ಆ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆ ಮದುವೆಯ ದಿನ ಗಂಡಿನ ಮನೆಯವರು ಸೊಸೆಗೆ ಹೊಸ ಹೆಸರು ಆರಿಸುತ್ತಾರೆ, ತಾಟಿನ ಅಕ್ಕಿಯ ಮೇಲೆ ಮದುಮಗ ಅದನ್ನು ಬರೆಯುತ್ತಾನೆ, ಮಂದಿಯೆಲ್ಲ ಅಕ್ಷತೆ ಹಾಕುತ್ತಾರೆ. ಬೇರೆಯವರ ಮದುವೆಗಳಲ್ಲಿ ಅದರ ಫೋಟೋ ತೆಗೆದವಳು ನಾನು. ಅದು ನಮ್ಮ ಅವ್ವನಿಗೂ ಆಗಿರಬಹುದು, ಆ ತಾಟಿನ ಕೆಳಗೆ ಅವಳದೇ ಒಂದು ಹೆಸರು ಮುಚ್ಚಿಹೋಗಿರಬಹುದು ಎಂದು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ಅವಳ ಅಪ್ಪ ಅವ್ವ ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದರು. ಸೋದರಮಾವ ಅವಳನ್ನು ಅಕ್ಕ ಎನ್ನುತ್ತಿದ್ದ. ಆ ಹೆಸರನ್ನು ಕರೆಯುವವರು ನನ್ನ ಕಣ್ಣೆದುರು ಯಾರೂ ಇರಲಿಲ್ಲ.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದ್ದಿ?"

ಇದನ್ನು ಅವಳು ಚುಚ್ಚಿ ಹೇಳಲಿಲ್ಲ. ಉಸಿರು ಹತ್ತಿತ್ತು, ಹೇಳಿ ಮತ್ತೆ ನಡೆದಳು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಮದುವೆಯಲ್ಲಿ ಬೀಗರು ಅಕ್ಕಿಯ ತಾಟು ತಂದಿಟ್ಟಾಗ, ಹಿರಿಯರ ಮುಂದೆ ಎಂದೂ ಬಾಯಿ ಬಿಡದ ಅವ್ವ, ನನ್ನ ಮಗಳ ಹೆಸರು ಹಂಗಽ ಇರ್ಲಿ ಎಂದು ಎದ್ದು ನಿಂತು ಹೇಳಿದ್ದಳು. ನನ್ನ ಸರ್ಟಿಫಿಕೇಟುಗಳಿಗೆ ತೊಂದರೆಯಾಗುತ್ತದೆಂದು ಹಾಗೆ ಹೇಳಿದಳು ಎಂದು ನಾನು ಅಂದುಕೊಂಡಿದ್ದೆ. ಅದೆಂಥ ಮಗಳು ನಾನು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವ ಹಕ್ಕು ನನಗೆ ಇನ್ನೂ ಬಂದಿಲ್ಲ.

ಅಪ್ಪ ಟಿಕೆಟ್ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಯಾರೋ ಪುಣ್ಯಾತ್ಮರು ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟಿದ್ದರು. ಟಿಕೆಟಿನವನು ಹೇಳಿದ, ಇವರು ಟಿಕೆಟಿಲ್ಲದೆ ಲಾಂಚ್ ಹತ್ತಲು ಬಂದರು, ತಡೆದೆ, ಏನು ಕೇಳಿದರೂ ಈ ಒಂದು ಹೆಸರನ್ನೇ ಹೇಳುತ್ತಾರೆ. ನಿಮ್ಮಲ್ಲಿ ಆ ಹೆಸರಿನವರು ಯಾರು ಎಂದ. ಅವ್ವ ತನ್ನ ಎದೆಯ ಮೇಲೆ ಕೈಯಿಟ್ಟಳು.

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಈಕಿ ಅಲ್ಲ," ಎಂದ. "ಆಕಿ ಸಣ್ಣಾಕಿ. ಎರಡ ಜಡಿ ಹಾಕಿರ್ತಾಳ."

ಭಾಷೆ ತಿಳಿಯದಿದ್ದರೂ ಅಪ್ಪ ತಲೆಯಾಡಿಸಿದ್ದು ಟಿಕೆಟಿನವನಿಗೆ ತಿಳಿಯಿತು. ಅವನು ಅನುಮಾನದಿಂದ ಆಧಾರ್ ಕಾರ್ಡ್ ಕೇಳಿದ. ಅವ್ವನ ಕಾರ್ಡಿನಲ್ಲಿ ಇದ್ದದ್ದು ಅಕ್ಕಿಯ ತಾಟಿನ ಹೆಸರು. ಇದು ಬೇರೆಯೇ ಇದೆಯಲ್ಲ ಎಂದು ಅವನು ಹುಬ್ಬು ಗಂಟಿಕ್ಕಿದ. ಬಂಗಾಳಿಗಳಲ್ಲಿ ಪ್ರತಿಯೊಬ್ಬರಿಗೂ ಕಾಗದದ ಹೆಸರೊಂದು, ಮನೆಯಲ್ಲಿ ಮುದ್ದಿನಿಂದ ಕರೆಯುವ ಡಾಕ್‌ನಾಮ್ ಒಂದು ಇರುತ್ತದೆ. ನಾನು ಬೇಗ ಮುಗಿಸಬೇಕೆಂದು, ಅದು ಅಮ್ಮನ ಡಾಕ್‌ನಾಮ್ ಎಂದೆ. ಅವನ ಹುಬ್ಬು ಕೂಡಲೇ ಸಡಿಲಾಯಿತು.

"ಡಾಕ್‌ನಾಮ್ ಅಲ್ಲ," ಎಂದಳು ಅವ್ವ, ಬಂಗಾಳಿಯಲ್ಲೇ, ಅವನ ಮುಖ ನೋಡಿ. "ಇದೇ ನನ್ನ ನಿಜವಾದ ಹೆಸರು. ಕಾರ್ಡಿನಲ್ಲಿರುವುದು ಇವರು ಇಟ್ಟಿದ್ದು."

ಸಾಕುಮಾಡೇ ಎಂದು ನಾನು ಅವಳ ಕೈ ಒತ್ತಿದೆ. ಅವಳು ಕೈ ಬಿಡಿಸಿಕೊಂಡಳು. ನಾನು ನನ್ನ ಫೋನಿನಲ್ಲಿದ್ದ ನಮ್ಮ ಮೂವರ ಫೋಟೋಗಳನ್ನು ಒಂದರ ಹಿಂದೊಂದು ತೋರಿಸಿದ ಮೇಲೆ ಅವನು, ಸರಿ ಕರೆದುಕೊಂಡು ಹೋಗಿ ಎಂದ. ಅಪ್ಪ ಏಳಬೇಕಲ್ಲ. ರಟ್ಟೆ ಹಿಡಿದು ಎಬ್ಬಿಸಲು ಹೋದರೆ ನನ್ನನ್ನು ಕೊಡವಿದ. "ಬಿಡ್ರಿ. ನಾ ಹೊಳಿ ದಾಟಬೇಕು. ಇವ ಬಿಡವಲ್ಲ." ಮಂದಿ ಸುತ್ತ ನೆರೆದರು. ಬರಲು ಒಪ್ಪದವರನ್ನು ಹೇಗೆ ಕಳಿಸಲಿ, ಪೊಲೀಸರನ್ನೇ ಕರೆಯುತ್ತೇನೆ ಎಂದು ಟಿಕೆಟಿನವನು ಫೋನ್ ತೆಗೆದ. ಅಪ್ಪ ನಮ್ಮ ಕೈಗೆ ಸಿಕ್ಕೂ ಸಿಕ್ಕಿರಲಿಲ್ಲ. ನನಗೆ ಅಳು ಬಂತು.

ಅವ್ವ ಅವನ ಎದುರಿಗೆ, ಕಟ್ಟೆಯ ಅಂಚಿನಲ್ಲಿ ಕೂತಳು.

"ಎಲ್ಲಿಗೆ ಹೊಂಟೀರಿ?"

"ಊರಿಗೆ. ಅಪ್ಪಾರ ಹತ್ರ ಒಂದ ಮಾತು ಹೇಳೋದೈತಿ."

"ಏನಂತ?"

ಅಪ್ಪ ಅತ್ತಿತ್ತ ನೋಡಿ ದನಿ ಸಣ್ಣ ಮಾಡಿದ. "ನಾಳೆ ಲಗ್ನ. ತಾಟಿನ್ಯಾಗ ಬ್ಯಾರೆ ಹೆಸರು ಬರಿ ಅಂದಾರ. ಆಕಿ ಹೆಸರು ಚಲೋ ಐತ್ರಿ. ಹಂಗಽ ಇರ್ಲಿ ಅಂತ ಹೇಳಬೇಕು. ಒಂದ್ಸಲ ಹೋಗಿದ್ದೆ, ಅಪ್ಪಾರ ಮುಂದ ಬಾಯಿ ಬರಲಿಲ್ಲ."

ಅವ್ವನಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮುಖ ಹಾಗೆ ಆಗುತ್ತಿರಲಿಲ್ಲ. ಅವರ ಮದುವೆಯಾಗಿ ಐವತ್ತೆರಡು ವರ್ಷ, ಅಪ್ಪ ಅವಳನ್ನು "ಏ, ಇಲ್ನೋಡು" ಎಂದು ಕರೆದಿದ್ದು ಬಿಟ್ಟರೆ ಬೇರೆ ಯಾವ ಹೆಸರಿನಿಂದಲೂ ಕರೆದಿದ್ದು ನಾನು ಕೇಳಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಲಾಂಚ್ ಬಂದು, ಜನ ಇಳಿದು, ಜನ ಹತ್ತಿ, ಮತ್ತೆ ಹೊರಟಿತು.

"ಇನ್ನೂ ಹೊತ್ತೈತ್ರಿ," ಎಂದಳು ಕೊನೆಗೆ. "ಹೊಳಿ ದಾಟೋದ ಬ್ಯಾಡ, ಈ ಕಡಿಂದನೂ ದಾರಿ ಐತಿ. ನಡೀರಿ, ನಾನೂ ಬರ್ತೀನಿ. ಇಬ್ಬರೂ ಕೂಡಿ ಹೇಳೋಣ."

ಅಪ್ಪ ಅವಳನ್ನು ಇನ್ನೊಮ್ಮೆ ನೋಡಿದ, ಈ ಸಲ ಸ್ವಲ್ಪ ಮರ್ಯಾದೆಯಿಂದ.

"ನೀವು ಯಾರ ಪೈಕಿರಿ?"

"ನಾ ಹೆಣ್ಣಿನ ಕಡೆಯಾಕಿ," ಎಂದು ಅವ್ವ ಕೈ ಚಾಚಿದಳು. ಅಪ್ಪ ಕುಡಿಕೆಯನ್ನು ಕುರ್ಚಿಯ ಕೆಳಗಿಟ್ಟು, ಅವಳ ಕೈ ಹಿಡಿದು ಎದ್ದ.