ಬಾಯ್ಲರಿನ ಎರಡು ಗಾಜು

ನರಗುಂದದ ಗುಡ್ಡದ ಕೆಳಗಿನ ಹತ್ತಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ನಾವಿನ್ನೂ ಮುಂಬಯಿ ರಾಜ್ಯದವರಾಗಿದ್ದ ಕಾಲ. ರೋಣದವನಾದ ನಾನು ಮ್ಯಾಟ್ರಿಕ್ ಮುಗಿಸಿ, ಹುಬ್ಬಳ್ಳಿಗೆ ಹೋಗಿ ಬಾಯ್ಲರ್ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ನೇತುಹಾಕಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲೇ ಹಿಡಿದಿದ್ದೆ, ಅಷ್ಟೇ ವ್ಯತ್ಯಾಸ.

ಬಾಯ್ಲರ್ ಅಂದರೆ ಮನೆಯಷ್ಟು ದೊಡ್ಡ ಕಬ್ಬಿಣದ ಹಂಡೆ. ನಡುವೆ ಬೆಂಕಿ, ಸುತ್ತ ನೀರು. ನೀರು ಉಗಿಯಾಗಿ ಇಂಜಿನ್ ತಿರುಗಿಸುತ್ತದೆ, ಇಂಜಿನ್ ಹತ್ತಿ ಬಿಡಿಸುವ ಯಂತ್ರಗಳನ್ನೆಲ್ಲ ತಿರುಗಿಸುತ್ತದೆ. ಅದನ್ನು ಮಾಡಿದವರು ಯಾರನ್ನೂ ನಂಬುವ ಪೈಕಿ ಅಲ್ಲ. ಉಗಿ ಹೆಚ್ಚಾದರೆ ತಾನೇ ಬಾಯಿ ತೆರೆಯುವ ಕವಾಟ ಎರಡು. ನೀರು ತುಂಬುವ ಪಂಪು ಎರಡು. ಒಳಗೆ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಯೂ ಎರಡು, ಎಡಕ್ಕೊಂದು, ಬಲಕ್ಕೊಂದು. ಒಂದು ಗಾಜು ಒಡೆದರೆ ಬೆಂಕಿ ಆರಿಸಬೇಕಾಗಿಲ್ಲ. ಅದರ ಮೇಲಿನ ಮತ್ತು ಕೆಳಗಿನ ನಲ್ಲಿಗಳನ್ನು ಬಂದ್ ಮಾಡಿ, ಕೆಲಸ ನಡೆದಿರುವಾಗಲೇ ಹೊಸದು ಕೂಡಿಸಬಹುದು. ಇಷ್ಟೆಲ್ಲ ಕೈಕೊಟ್ಟರೂ ಕಡೆಗೊಂದು ಇರಲಿ ಎಂದು ಬೆಂಕಿಯ ನೆತ್ತಿಯ ಮೇಲೆ ಸೀಸದ ಬೆಣೆ ಕೂಡಿಸಿದ್ದರು. ನೀರು ತೀರ ಇಳಿದರೆ ಬೆಣೆ ಕರಗಿ ಉಗಿ ಒಲೆಗೆ ನುಗ್ಗಿ ಬೆಂಕಿಯನ್ನು ನಂದಿಸುತ್ತದೆ, ಬಾಯ್ಲರ್ ಸಿಡಿಯದೆ ಉಳಿಯುತ್ತದೆ. ಪರೀಕ್ಷೆಯಲ್ಲಿ ಈ ಬೆಣೆಯ ಪ್ರಶ್ನೆಗೆ ನಾನು ಎರಡು ಪುಟ ಉತ್ತರ ಬರೆದಿದ್ದೆ.

ಒಲೆಗೆ ಕಟ್ಟಿಗೆ, ಕಲ್ಲಿದ್ದಲು ಹಾಕುತ್ತಿದ್ದಾತ ಜಕ್ಕಲಿಯವ, ಐವತ್ತರ ಸಮೀಪದವ. ಗಿರಣಿಗೆಲ್ಲ ಆತ ಕಾಕಾ. ಅಕ್ಷರ ಬರುತ್ತಿರಲಿಲ್ಲ, ಆದರೆ ಇಪ್ಪತ್ತು ವರ್ಷದಿಂದ ಅದೇ ಒಲೆಯ ಮುಂದೆ ನಿಂತ ಮನುಷ್ಯ. ಬಾಯ್ಲರಿನ ಸಪ್ಪಳ ಕೇಳಿಯೇ ಈಗ ನೀರು ಬೇಕು, ಈಗ ಬೇಡ ಎನ್ನುತ್ತಿದ್ದ. ಹಾಗೆ ಹೇಳಿದ್ದು ಬಹುಮಟ್ಟಿಗೆ ಸರಿಯಿರುತ್ತಿತ್ತು. ಅದೇ ನನಗೆ ಸಹನೆಯಾಗುತ್ತಿರಲಿಲ್ಲ.

ನಮ್ಮ ಕಡೆಯ ನೀರು ಸವಳು. ಎಡಗಡೆಯ ಗಾಜಿಗೆ ಹೋಗುವ ತೂತಿನಲ್ಲಿ ಸುಣ್ಣದಂಥ ಪದರು ಕಟ್ಟಿ ಆಗಾಗ ಅದು ಸುಳ್ಳು ಹೇಳುತ್ತಿತ್ತು. ಒಮ್ಮೆ ಅದು ನೀರು ಕಡಿಮೆ ಎಂದಿತೆಂದು ನಾನು ಪಂಪು ಚಾಲೂ ಮಾಡಿ, ನೀರು ಹೆಚ್ಚಾಗಿ ಇಂಜಿನ್ನಿಗೇ ಹೋಗಿ ಅರ್ಧ ದಿನ ಗಿರಣಿ ನಿಂತಿತ್ತು. ಗಜೇಂದ್ರಗಡದ ಮಾಲೀಕರು ಎಲ್ಲರೆದುರು ನನಗೆ ಬೈದರು. ಅಂದಿನಿಂದ ಎಡಗಡೆಯ ಗಾಜು ಅಂದರೆ ನನಗೆ ಆಗದು.

ಶಿವರಾತ್ರಿ ಅಮಾವಾಸ್ಯೆಗೆ ಬಾಯ್ಲರ್ ಆರಿಸಿ ಪೂಜೆ ಮಾಡುವುದು ಗಿರಣಿಯ ಪದ್ಧತಿ. ಕೆಲಸದವರೆಲ್ಲ ಸೇರಿ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು, ವಿಭೂತಿ ಬಳಿದರು. ಎಡಗಡೆಯ ನಲ್ಲಿ ಸೋರುತ್ತಿತ್ತು, ಅಲ್ಲಿ ಹೂವು ಬೆಂದುಹೋಗುತ್ತವೆಂದು ಬಲಗಡೆಯ ಗಾಜಿಗೇ ದಪ್ಪನೆಯ ಚೆಂಡುಹೂವಿನ ಹಾರ ಸುತ್ತಿದರು. ಕೆಳಗಿನ ನಲ್ಲಿಯ ಹಿಡಿಕೆ ಪೂರಾ ಮುಚ್ಚಿಹೋಯಿತು. ಪೂಜೆಯ ಹಾರವನ್ನು ಕೈಯಾರೆ ಕಿತ್ತು ತೆಗೆಯುವಂತಿಲ್ಲ, ತಾನೇ ಒಣಗಿ ಉದುರಬೇಕು ಎನ್ನುವುದು ಅವರ ನಂಬಿಕೆ.

ಮರುದಿನ ಬೆಳಿಗ್ಗೆ ಬೆಂಕಿ ಹಾಕಿದೆವು. ದಿನಾಲು ಎರಡೂ ಗಾಜಿನ ನೀರನ್ನು ಹೊರಗೆ ಬಿಟ್ಟು, ಅದು ಮತ್ತೆ ತಟ್ಟನೆ ಏರುತ್ತದೆಯೇ ಎಂದು ನೋಡಬೇಕು. ನಾನು ಎಡಗಡೆಯದನ್ನು ನೋಡಿದೆ. ಬಲಗಡೆಯದಕ್ಕೆ ಹಾರ ಬಿಚ್ಚಬೇಕಿತ್ತು, ಬಿಟ್ಟೆ. ಭಕ್ತಿಯಿಂದ ಬಿಟ್ಟೆ ಎಂದರೆ ದೇವರು ನಗುತ್ತಾನೆ. ಅಬ್ಬಿಗೇರಿಯಿಂದ ಬಂದ ಹತ್ತಿಯ ಚಕ್ಕಡಿಗಳು ಊರ ಬಾಗಿಲಾದ ಅಗಸಿಯತನಕ ನಿಂತಿದ್ದವು, ನನಗೆ ಅವಸರವಿತ್ತು. ಎರಡನ್ನೂ ನೋಡಿದೆ ಎಂದು ಬಾಯ್ಲರಿನ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಎಡಗಡೆಯ ಗಾಜಿನಲ್ಲಿ ನೀರು ತಳಕ್ಕೆ ಬಂದಿತ್ತು. ಬಲಗಡೆಯದರಲ್ಲಿ ಮುಕ್ಕಾಲು ಇತ್ತು. ಕಾಕಾ ಪಂಪಿನ ಕಡೆಗೆ ಹೊರಟ. ಬೇಡ ಎಂದು ನಾನು ತಡೆದೆ. ಆತ ಎರಡೂ ಗಾಜನ್ನು ನೋಡಿದ, ಬಾಯ್ಲರಿನ ಸಪ್ಪಳಕ್ಕೆ ಕಿವಿಗೊಟ್ಟ, ಆಮೇಲೆ ಹೇಳಿದ:

"ಸಾಹೇಬ್ರ, ಎಡಗಡೀದು ಖರೇ ಹೇಳಾಕತ್ತೈತಿ. ಹಾರ ಬಿಚ್ಚಿ ಬಲಗಡೀದನ್ನೂ ಒಮ್ಮೆ ನೋಡೂಣ್ರಿ. ದೇವ್ರೇನ ಸಿಟ್ಟಾಗಂಗಿಲ್ಲ."

ದಿನಾ ವಿಭೂತಿ ಹಚ್ಚಿಕೊಳ್ಳದೆ ಒಲೆ ಮುಟ್ಟದ ಮನುಷ್ಯನ ಮಾತು ಇದು. ನಾನೋ, ಮೂರು ಪುಸ್ತಕ ಓದಿದವನು. ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿ, ಅದು ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಆತ ಒಲೆಯ ಕಡೆಗೆ ತಿರುಗಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನನಗೆ ಬೇಕಾದದ್ದು ಕಂಡಿತ್ತು, ಪ್ರಮಾಣ ಯಾರಿಗೆ ಬೇಕಿತ್ತು?

ಇನ್ನೊಂದು ತಾಸಿನ ಮೇಲೆ ಒಳಗಿನ ಸಪ್ಪಳ ಬದಲಾಯಿತು. ಕಾಕಾ ನನ್ನನ್ನು ಕೇಳಲಿಲ್ಲ. ಹೊರಗೆ ನಡೆಯಿರೆಂದು ನನ್ನನ್ನು ಬಾಗಿಲ ಕಡೆಗೆ ನೂಕಿ, ಉರಿಯುವ ಕಲ್ಲಿದ್ದಲನ್ನು ಹೊರಗೆಳೆಯಲು ಸಲಾಕೆ ಹಿಡಿದು ಒಲೆಯ ಬಾಗಿಲು ತೆರೆದ. ಅದೇ ಹೊತ್ತಿಗೆ ಬೆಣೆ ಕರಗಿತು. ಉಗಿ, ಕೆಂಡ, ಬೂದಿ ಎಲ್ಲ ಒಟ್ಟಿಗೆ ಆತನ ಮೈಮೇಲೆ ಬಂದವು. ನನಗೆ ಒಂದು ಗುಳ್ಳೆಯೂ ಏಳಲಿಲ್ಲ.

ಜನ ಆತನನ್ನು ಕಂಬಳಿಯಲ್ಲಿ ಸುತ್ತಿ ದವಾಖಾನೆಗೆ ಒಯ್ದರು. ನಾನು ಹೋಗಲಿಲ್ಲ. ಬಾಯ್ಲರ್ ಮನೆಯ ಬಾಗಿಲು ಹಾಕಿಕೊಂಡು ಆ ಹಾರ ಕಿತ್ತೆ. ಕೆಳಗಿನ ನಲ್ಲಿಯ ಹಿಡಿಕೆ ಅಡ್ಡಲಾಗಿತ್ತು, ಅಂದರೆ ನಲ್ಲಿ ಬಂದ್. ಹುಣಸೆಹಣ್ಣು ತಿಕ್ಕುವಾಗ ಯಾರದೋ ಕೈಯಲ್ಲಿ ತಿರುಗಿರಬೇಕು. ಬೆಳಗಿನಿಂದ ಆ ಗಾಜು ತೋರಿಸಿದ್ದು ಅಮಾವಾಸ್ಯೆಯ ದಿನದ ನೀರನ್ನು. ತಿರುವಿದವರದು ತಪ್ಪಲ್ಲ, ನೋಡದವನದು. ನಾನು ಹಿಡಿಕೆಯನ್ನು ನೆಟ್ಟಗೆ ಮಾಡಿ, ಹಾರವನ್ನು ಒಲೆಯ ಬೂದಿಯಲ್ಲಿ ಹುಗಿದೆ.

ಕಾಕಾ ಮೂರನೆಯ ದಿನ ತೀರಿಕೊಂಡ. ಅಷ್ಟರಲ್ಲಿ ಒಮ್ಮೆ ನೋಡಲು ಹೋಗಿದ್ದೆ. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ನನಗೆ ಸಮಾಧಾನವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಮಾಧಾನವೇ.

ತಪಾಸಣೆಯ ಸಾಹೇಬರು ಬಂದು ಎರಡೂ ಗಾಜು ನೋಡಿದರು, ಎರಡೂ ಸರಿಯಾಗಿದ್ದವು. ಪುಸ್ತಕದಲ್ಲಿ ನನ್ನ ಸಹಿ ನೋಡಿದರು. ಬೆಣೆ ತನ್ನ ಕೆಲಸ ಮಾಡಿ ಬಾಯ್ಲರ್ ಉಳಿಸಿದೆ, ಬೆಂಕಿ ಹಾಕುವವನು ನೀರಿನ ಕಡೆಗೆ ಲಕ್ಷ್ಯ ಕೊಟ್ಟಿಲ್ಲ ಎಂದು ಬರೆದುಕೊಂಡು ಹೋದರು. ಕಪಾಟಿನಲ್ಲಿ ಇನ್ನೊಂದು ಬೆಣೆ ಇದ್ದೇ ಇತ್ತು. ಅದನ್ನು ಕೂಡಿಸಿದೆವು. ಒಲೆಗೂ ಇನ್ನೊಬ್ಬ ಬಂದ. ವಾರದೊಳಗೆ ಗಿರಣಿ ಮೊದಲಿನಂತೆ ಓಡತೊಡಗಿತು.

ಕಾಕಾನ ದಿನಕರ್ಮವಾದ ಮೇಲೆ ಆತನ ಕಂಬಳಿ, ಬುತ್ತಿಯ ಡಬ್ಬಿ ತಲುಪಿಸಲು ಜಕ್ಕಲಿಗೆ ಹೋದೆ. ಹಿಡಿಕೆಯ ಸಂಗತಿ ಹೇಳಿಬಿಡಬೇಕೆಂದೇ ಹೋಗಿದ್ದೆ. ಸತ್ತವನ ಹೆಸರಾದರೂ ಉಳಿಯಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆತನ ಹೆಂಡತಿ ಕಟ್ಟೆಯ ಮೇಲೆ ಚಾಪೆ ಹಾಸಿ, ನೀರು ಕೊಟ್ಟು, ಬಾಗಿಲಿಗೆ ಒರಗಿ ನಿಂತಳು.

"ಊರಾಗ ಎಲ್ಲಾರೂ ಅವ್ರದ ತಪ್ಪು ಅಂತಾರ್ರಿ," ಎಂದಳು. "ಗಾಜು ಎರಡ ಇರತಾವು ಅಂತ ಅವ್ರ ಹೇಳ್ತಿದ್ರು. ಎರಡೂ ನೋಡ್ಲಿಲ್ಲೇನ್ರಿ ಅವ್ರು?"

ಜೋಡಿಸಿಕೊಂಡ ಮಾತೆಲ್ಲ ನೆನಪಿನಲ್ಲಿತ್ತು. ಹೇಳಿದರೆ ನೌಕರಿ ಹೋಗುತ್ತದೆ, ಜೈಲೂ ಆದೀತು ಎಂಬ ಲೆಕ್ಕವೂ ಅಲ್ಲೇ ಇತ್ತು.

"ನೋಡಿರ್ಲಿಕ್ಕಿಲ್ಲವ್ವಾ," ಎಂದೆ. "ಕೆಲಸದ ಗಡಿಬಿಡಿ ಇತ್ತು."

ಆಕೆ ಅಳಲಿಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಸೆರಗು ಹೊದ್ದುಕೊಂಡು ಮುಂದೆ ಬಂದು ನನಗೆ ಕೈಮುಗಿದಳು.

"ನೀವೂ ಬಾಜೂಕನ ಇದ್ರಂತ. ನಿಮ್ಮ ಜೀವಕ್ಕೂ ಬರತಿತ್ತಲ್ರಿ. ಅವ್ರ ಬದ್ಲಿ ನಾ ಕೇಳ್ಕೋತೀನ್ರಿ, ತಪ್ಪಾತು."

"ಇರ್ಲಿ ಬಿಡವ್ವಾ," ಎಂದೆ.