ಪ್ಲಾಸ್ಟಿಕ್ ಸೀಳುವ ಗದಿಗೆಮ್ಮ

ಬೆಳಗಿನ ಐದೂವರೆಗೇ ಬಾಲಾನಗರದ ಗೋದಾಮಿನಲ್ಲಿ ಪರಪರ ಸದ್ದು. ನಲವತ್ತೆಂಟರ ಗದಿಗೆಮ್ಮ ಸೀರೆ ಎತ್ತಿಕಟ್ಟಿ, ಚಾಕು ಹಿಡಿದು, ಆಸ್ಟ್ರೇಲಿಯಾಕ್ಕೆ ಹೊರಟ ಮರದ ಪೆಟ್ಟಿಗೆಗಳ ಪ್ಲಾಸ್ಟಿಕ್ ಹೊದಿಕೆ ಸೀಳುತ್ತಿದ್ದಾರೆ. ಒಂದೆರಡಲ್ಲ, ನಲವತ್ತೆರಡು ಪೆಟ್ಟಿಗೆ.

ಪಂಪು ಕಾರ್ಖಾನೆಯ ರಫ್ತು ಮ್ಯಾನೇಜರ್, ಮೈಸೂರಿನ ಗಗನ, ಹೌಹಾರಿ ಓಡಿಬರುತ್ತಾನೆ.

"ಏನಮ್ಮ ಇದು! ನಿನ್ನೆ ಇಡೀ ದಿನ ನಿಂತು ಸುತ್ತಿಸಿದ್ದೀನಿ. ನಾಳೆ ಸಂಜೆ ಲಾರಿ ಹೊರಡ್ಲಿಲ್ಲ ಅಂದ್ರೆ ಹಡಗು ತಪ್ಪತ್ತೆ!"

"ರೇನ್‌ಕೋಟ್ ಹಾಕ್ಕೊಂಡು ಜಳಕ ಮಾಡಿದ್ರ ಮೈ ತೊಯ್ತೈತೇನ್ರಿ ಸಾಹೇಬ್ರ? ಹುಳ ಕೊಲ್ಲೂ ಗ್ಯಾಸು ಕಟಿಗಿ ಒಳಗ ಹೋಗಬೇಕು. ಹುಳ ಕುಂತಿರೂದು ಅಲ್ಲೇ."

ಆರು ತಿಂಗಳ ಹಿಂದೆ ಒಂದೇ ಒಂದು ಜೀವಂತ ಹುಳ ಸಿಕ್ಕು ಗಗನನ ಕಾರ್ಖಾನೆಯ ಕಂಟೇನರು ಆಸ್ಟ್ರೇಲಿಯಾದಿಂದ ಹಾಗೇ ವಾಪಸು ಬಂದಿತ್ತು. ಇನ್ನೊಮ್ಮೆ ಬಂದರೆ ಗಿರಾಕಿಯೇ ಕೈಬಿಟ್ಟಂತೆ. ಗಗನ ಜೇಬಿನಿಂದ ಬೈಕಿನ ಕೀಲಿ ತೆಗೆದು ಅದರಿಂದಲೇ ತಾನೂ ಸೀಳಲು ನಿಲ್ಲುತ್ತಾನೆ.

ಇದೇ ಊರಿನ ಅಮೀರ್‌ಪೇಟ್‌ನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು. ಊರ ಬಾಯಲ್ಲೆಲ್ಲ ಸಾಫ್ಟ್‌ವೇರ್. ಮರದ ಹುಳ ಕೊಲ್ಲುವವರನ್ನು ಯಾರು ಕೇಳಬೇಕು? ಗುರುಮಠಕಲ್ ಕಡೆಯ ಗದಿಗೆಮ್ಮ ಈ ಗೋದಾಮಿಗೆ ಕಸ ಗುಡಿಸಲು ಬಂದು ಹದಿಮೂರು ವರ್ಷ. ಈಗ ಪೆಟ್ಟಿಗೆಗಳಿಗೆ ತಾಡಪತ್ರಿ ಹೊದಿಸಿ, ಗ್ಯಾಸು ಸೋರದಂತೆ ಅದರ ಅಂಚಿಗೆ ಮರಳಿನ ಉದ್ದ ಚೀಲ ಜೋಡಿಸುವುದು ಅವರ ಕೆಲಸ. ದಿನಕ್ಕೆ ಎಂಬತ್ತು ಚೀಲ, ಒಂದೊಂದೂ ಏಳು ಕಿಲೋ.

ಗ್ಯಾಸು ಬಿಡುವ ಶ್ರೀನಿವಾಸ ಮಾಸ್ಕ್ ಏರಿಸುವ ಮುನ್ನ ಕೇಳುತ್ತಾನೆ: "ಗದಿಗೆಮ್ಮಕ್ಕಾ, ಬಿಡ್ಲೇನು?"

ಚೀಲಗಳ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆದ ಮೇಲೆಯೇ ಉತ್ತರ.

"ಹೂಂ, ಬಿಡ್ರಿ. ಸಂದಿ ಇದ್ರ ಅಂಗಾಲಿಗೆ ತಿಳೀತೈತ್ರಿ. ಸೊಂಟದ ಸುದ್ದಿ ಮಾತ್ರ ಕೇಳಬ್ಯಾಡ್ರಿ, ಭಾಳ ಬೈತೈತಿ!" ಎಂದು ನಗುತ್ತಾರೆ.

ಮರುದಿನ ಇಪ್ಪತ್ನಾಲ್ಕು ತಾಸು ಮುಗಿದು, ತಾಡಪತ್ರಿ ಸರಿದು, ಗ್ಯಾಸು ಅಳೆಯುವ ಮೀಟರು ಸೊನ್ನೆಗಿಳಿಯುತ್ತದೆ. ಗದಿಗೆಮ್ಮ ಒಂದು ಹಲಗೆಯನ್ನು ಸುತ್ತಿಗೆಯಿಂದ ತಟ್ಟುತ್ತಾರೆ. ಹಿಟ್ಟಿನಂಥ ಪುಡಿಯ ಜೊತೆ ಮೂರು ಕಂದು ಹುಳ ಉದುರುತ್ತವೆ. ಕಡ್ಡಿಯಿಂದ ಚುಚ್ಚುತ್ತಾರೆ. ಅಲುಗಾಟವಿಲ್ಲ.

"ಅಯ್ಯೋ, ಇವು ಒಳಗೇ ಇದ್ವಾ!" ಗಗನನ ಕಣ್ಣು ಅಗಲ.

"ನೀವು ಬೆಚ್ಚಗ ಸುತ್ತಿ ಕಳಸಾಕತ್ತಿದ್ರಲ್ರಿ, ಅಳಿಯನ್ನ ಕಳಸಿದಂಗ!"

ಗೋದಾಮಿಗೆ ಗೋದಾಮೇ ನಗುತ್ತದೆ. ಹೊಸ ಪ್ಲಾಸ್ಟಿಕ್ ಸುತ್ತಿಸಿಕೊಂಡು ಲಾರಿ ಸಂಜೆ ಐದಕ್ಕೆ ಚೆನ್ನೈ ಬಂದರಿನ ದಾರಿ ಹಿಡಿಯುತ್ತದೆ. ಹೊರಡುವ ಮುನ್ನ ಗಗನ ಕೈಮುಗಿಯುತ್ತಾನೆ: "ನಮ್ಮ ಪ್ಯಾಕಿಂಗ್‌ನವರಿಗೂ ಬಂದು ಒಂದು ಮಾತು ಹೇಳಿಕೊಡಿ ಅಮ್ಮ."

"ನನಗ ಭಾಷಣ ಬರೂದಿಲ್ರಿ," ಎನ್ನುತ್ತಾರೆ ಗದಿಗೆಮ್ಮ, ಆ ಮೂರು ಹುಳಗಳನ್ನು ಕಾಗದದಲ್ಲಿ ಮಡಚುತ್ತ. "ಅವರನ್ನ ಒಂದಿನ ಇಲ್ಲಿ ಕಳಸ್ರಿ. ಒಬ್ಬೊಬ್ರ ಅಂಗೈಯಾಗ ಒಂದೊಂದು ಇಡ್ತೀನಿ. ಅಷ್ಟ ಸಾಕು."