ಗುಜರಿ ಜೀಪಿನ ಹಾರನ್

ಪೌರತ್ವ ಕಚೇರಿಯಲ್ಲಿ ಅವನನ್ನು ಎಲ್ಲರೂ ಪ್ರಮಾಣಪ್ಪ ಎಂದೇ ಕರೆಯುತ್ತಿದ್ದರು. ಹೊರದೇಶದಿಂದ ಬಂದು, ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದು, ಚಪ್ಪಲಿ ಸವೆಸಿ, ಕೊನೆಗೂ ಈ ದೇಶದವರಾಗುವ ಮಂದಿಗೆ ಪ್ರಮಾಣವಚನ ಬೋಧಿಸುವುದು ಅವನ ಕೆಲಸ. ಬೇರೆ ಕೆಲಸಗಳೂ ಇದ್ದವು, ಆದರೆ ಅವನ್ನು ಅವನು ಮಾಡಿದ್ದು ಕಂಡವರಿಲ್ಲ. ದೇವರು ಅವನಿಗೆ ಕೂದಲು ಕೊಡುವಾಗ ಕೈ ಬಿಗಿಹಿಡಿದು, ಗಂಟಲು ಕೊಡುವಾಗ ಧಾರಾಳವಾಗಿಬಿಟ್ಟಿದ್ದ. ಸಭಾಂಗಣದಲ್ಲಿ ಅವನು "ನಾನು..." ಎಂದು ಬಾಯಿ ತೆರೆದರೆ ಸಾಕು, ಕಿಟಕಿಯ ಗಾಜು ನಡುಗಿ ಹಿಂದಿನ ಸಾಲಿನ ಕೂಸುಗಳು ಅಳಲು ಶುರುಮಾಡುತ್ತಿದ್ದವು. ಅದನ್ನೂ ಅವನು ದೇಶಭಕ್ತಿಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಿದ್ದ.

ಮನೆಯಲ್ಲಿ ಮಾತ್ರ ಈ ಗಂಟಲಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. "ರೀ, ಉಪ್ಪು ಬೇಕಾದ್ರೆ ಉಪ್ಪು ಅಂತ ಕೇಳಿ. ಇಡೀ ಬೀದೀಗೆ ಪ್ರಮಾಣ ಮಾಡಿಸ್ಬೇಡಿ," ಎನ್ನುತ್ತಿದ್ದಳು ಹೆಂಡತಿ.

ಅಷ್ಟರಲ್ಲಿ ಊರಿಗೆಲ್ಲ ರೋಗ ಬಂತು, ಸಭಾಂಗಣಕ್ಕೆ ಬೀಗ ಬಿತ್ತು. ಮೇಲಧಿಕಾರಿ ಮೇಡಂ ಪ್ರಮಾಣಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಇನ್ಮೇಲೆ ಎಲ್ಲಾ ವಿಡಿಯೋದಲ್ಲೇ" ಎಂದರು. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಭಾವಿ ಪ್ರಜೆಗಳು ಮೂಡಿದರು. ಕೋಟು ಟೈ ಧರಿಸಿದ್ದ ಒಬ್ಬ ಮಹಾಶಯ ಪ್ರಮಾಣಕ್ಕೆಂದು ಗಂಭೀರವಾಗಿ ಎದ್ದುನಿಂತ. ಕೆಳಗೆ ನೋಡಿದರೆ ಚಡ್ಡಿ. ಒಬ್ಬಾಕೆ ದೇಶಕ್ಕೆ ನಿಷ್ಠೆ ಘೋಷಿಸುತ್ತಲೇ ಈರುಳ್ಳಿ ಹೆಚ್ಚಿ ಮುಗಿಸಿದಳು. ಕಣ್ಣೀರು ಯಾವುದರಿಂದ ಬಂತೋ ತಿಳಿಯಲಿಲ್ಲ. ಇನ್ನೊಂದು ಮನೆಯ ಗಿಳಿ ಇಡೀ ಪ್ರಮಾಣವಚನವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಒಪ್ಪಿಸಿತು. ಗಿಳಿಗೂ ಪ್ರಮಾಣಪತ್ರ ಕೊಡಬೇಕೇ ಎಂದು ಪ್ರಮಾಣಪ್ಪ ಕೇಳಿದ. ಮೇಡಂ ನಗಲಿಲ್ಲ. ಇಷ್ಟೆಲ್ಲ ಆದಮೇಲೆ ಕಾನೂನು ವಿಭಾಗದವರು ನಿದ್ದೆಯಿಂದೆದ್ದು, ಪ್ರಮಾಣ ಅಧಿಕಾರಿಯ ಕಣ್ಣೆದುರೇ ಆಗತಕ್ಕದ್ದು, ಪರದೆ ನಡೆಯದು ಎಂದರು.

ಹಾಗಾಗಿ ಪ್ರಮಾಣ ಕಚೇರಿಯ ಹಿಂದಿನ ಅಂಗಳಕ್ಕೆ ಬಂತು. ನಿಯಮ ಬರೆಯುವ ಭಾಗ್ಯ ಪ್ರಮಾಣಪ್ಪನದು. ಅರ್ಜಿದಾರರು ವಾಹನದೊಳಗೆ ಕುಳಿತಿರಬೇಕು. ಒಂದು ವಾಹನದಲ್ಲಿ ಒಂದೇ ಮನೆಯವರು. ಮುಖಕ್ಕೆ ಮಾಸ್ಕ್, ಕಿಟಕಿ ಬಂದ್. ಬಾಯಿ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಹಾಗಾದರೆ ಪ್ರಮಾಣ ಮಾಡಿದರೆಂದು ತಿಳಿಯುವುದು ಹೇಗೆ? ಇಲ್ಲಿ ಅವನ ತಲೆ ಓಡಿತು. ಕೊನೆಯಲ್ಲಿ ಪ್ರತಿಯೊಬ್ಬರೂ ಸರದಿಯಂತೆ ಒಂದು ಹಾರನ್ ಹೊಡೆಯಬೇಕು. ಹಾರನ್ ಕೇಳಿದರೆ ಪ್ರಜೆ, ಕೇಳದಿದ್ದರೆ ಮನೆಗೆ. ಹೆತ್ತ ಮಗ ಪರೀಕ್ಷೆ ಪಾಸಾದಾಗಲೂ ಅವನು ಅಷ್ಟು ಬೀಗಿರಲಿಲ್ಲ.

ಆ ದಿನ ಅಂಗಳ ತುಂಬ ಕಾರುಗಳು. ಪ್ರಮಾಣಪ್ಪ ಸ್ಟೂಲ್ ಹತ್ತಿ ಕೈಯಲ್ಲಿ ಮೈಕ್ ಹಿಡಿದ. ಅವನ ಗಂಟಲಿಗೆ ಮೈಕ್ ಯಾಕೆ ಎಂದು ಗೇಟಿನ ಕಾವಲುಗಾರ ಗೊಣಗುತ್ತಿರುವಾಗಲೇ ಹೆಂಗಸೊಬ್ಬಳು ಛತ್ರಿ ಹಿಡಿದು ನಡೆದುಕೊಂಡೇ ಒಳಗೆ ಬಂದಳು. ಬಟ್ಟೆ ಹೊಲಿಯುವವಳು. ಅರ್ಜಿಯ ಕಾಲದಿಂದಲೂ ಅವಳ ಮುಖ ಅವನಿಗೆ ಗೊತ್ತಿತ್ತು.

"ಗಾಡಿ ಎಲ್ಲಮ್ಮಾ?"

"ಬಸ್ ನಿಂತೋಗಿದೆ ಸಾರ್. ನಡ್ಕೊಂಡೇ ಬಂದೆ."

"ಗಾಡಿ ಇಲ್ದೆ ಆಗಲ್ಲ. ಸೋಂಕಿನ ಕಾಲ. ನಿಯಮ ಇದೆ."

"ಬೇರೆಯವರ ಕಾರಲ್ಲಿ ಕೂತ್ಕೋಬಹುದಾ?"

"ಒಂದು ಗಾಡಿ, ಒಂದು ಮನೆ. ಅದೂ ನಿಯಮ. ಮುಂದಿನ ಸಲ ಬಾಮ್ಮಾ."

ಮುಂದಿನ ಸಲ ಎಂಬುದು ಯಾವಾಗ ಎಂದು ಅವನಿಗೇ ಗೊತ್ತಿರಲಿಲ್ಲ. ನಾಳೆಯಿಂದ ಕಚೇರಿಗೆ ಮತ್ತೆ ಬೀಗ.

ಹೊಲಿಗೆಯವಳು ಕದಲಲಿಲ್ಲ. ಅವಳ ಮಗಳು ಅಜ್ಜಿಯ ಮನೆಗೆಂದು ಗಡಿಯಾಚೆ ಹೋದಾಗಲೇ ಗಡಿ ಮುಚ್ಚಿತ್ತು. ಈಗ ಅಜ್ಜಿ ಆಸ್ಪತ್ರೆಯಲ್ಲಿ, ಮಗು ಯಾರೋ ಪಕ್ಕದ ಮನೆಯವರ ಜಗಲಿಯಲ್ಲಿ. ಇಲ್ಲಿಯ ಪ್ರಜೆಗಳ ಮಕ್ಕಳನ್ನು ಮಾತ್ರ ಒಳಗೆ ಬಿಡುತ್ತಾರೆ. "ಅವರೂ ಎಷ್ಟು ದಿನ ಇಟ್ಕೋತಾರೆ ಸಾರ್? ಅವರ ಮನೇಲೂ ಕೆಮ್ಮು ಶುರುವಾಗಿದೆಯಂತೆ," ಎಂದಳು.

ಪ್ರಮಾಣಪ್ಪ ಕೆಮ್ಮಲು ಹೋಗಿ, ಈ ಕಾಲದಲ್ಲಿ ಕೆಮ್ಮಬಾರದೆಂದು ನುಂಗಿಕೊಂಡ. ಅವನು ಕಟುಕನಲ್ಲ. ಆದರೆ ತನ್ನ ಕೈಯಾರೆ ಬರೆದ ನಿಯಮವನ್ನು ಮೊದಲ ದಿನವೇ ಮುರಿಯಲು ಅವನಿಗೆ ಮನಸ್ಸು ಬರಲಿಲ್ಲ.

ಅವಳ ಕಣ್ಣು ಅಂಗಳದ ಮೂಲೆಗೆ ಹೋಗಿತ್ತು. ಅಲ್ಲಿ ಕಚೇರಿಯದೇ ಹಳೆಯ ಜೀಪೊಂದು ನಾಲ್ಕು ಕಲ್ಲುಗಳ ಮೇಲೆ ಕೂತಿತ್ತು. ಚಕ್ರಗಳನ್ನು ಯಾರೋ ಯಾವತ್ತೋ ಹೊತ್ತೊಯ್ದಿದ್ದರು. ಗಾಜೂ ಇಲ್ಲ. ಚಾಲಕನ ಪಕ್ಕದ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು.

"ಅದು ಗಾಡೀನೇ ಅಲ್ವಾ ಸಾರ್?"

ಪ್ರಮಾಣಪ್ಪ ತನ್ನ ನಿಯಮವನ್ನು ಮೇಲಿಂದ ಕೆಳಗೆ ಮನಸ್ಸಿನಲ್ಲೇ ಓದಿಕೊಂಡ. ವಾಹನದೊಳಗೆ ಕುಳಿತಿರಬೇಕು ಎಂದಿತ್ತು. ವಾಹನ ಓಡಬೇಕು ಎಂದು ಅವನು ಬರೆದಿರಲಿಲ್ಲ. ಬರೆದವನ ದಡ್ಡತನಕ್ಕೆ ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಖುಷಿಪಟ್ಟ.

"ಹತ್ತಮ್ಮಾ ಬೇಗ," ಎಂದ.

ಬೆಕ್ಕು ಗುರ್ರೆಂದಿತು. "ಇದೂ ನಮ್ಮನೇದೇ ಅಂತ ಅಂದ್ಕೊಳ್ಳಿ ಸಾರ್," ಎನ್ನುತ್ತ ಅವಳು ಚಾಲಕನ ಸೀಟಿನಲ್ಲಿ ಕೂತು, ಗಾಜಿಲ್ಲದ ಕಿಟಕಿಗೆ ಛತ್ರಿ ಬಿಚ್ಚಿ ಅಡ್ಡ ಸಿಕ್ಕಿಸಿದಳು.

ಪ್ರಮಾಣವಚನ ಗುಡುಗಿತು. ಮರದ ಮೇಲಿನ ಕಾಗೆಗಳು ಹಾರಿಹೋದವು. ಮುಗಿದ ಮೇಲೆ ಸರದಿಯಂತೆ ಹಾರನ್‌ಗಳು ಮೊಳಗಿದವು. ಒಂದು ಕಾರು ಕಿರುಚಿತು, ಒಂದು ನರಳಿತು, ಹೊಸ ಕಾರಿನವನೊಬ್ಬ ಹೊಡೆದದ್ದೇ ಹೊಡೆದದ್ದು, ಅವನಿಗೆ ಒಂದೇ ಪೌರತ್ವ ಸಿಕ್ಕುವುದೆಂದು ಮೈಕಿನಲ್ಲಿ ಹೇಳಬೇಕಾಯಿತು. ಕೊನೆಯ ಸರದಿ ಜೀಪಿನದು.

ಹೊಲಿಗೆಯವಳು ಸ್ಟಿಯರಿಂಗಿನ ನಡುವೆ ಒತ್ತಿದಳು. ಸದ್ದಿಲ್ಲ. ಎರಡೂ ಕೈ ಊರಿ ಒತ್ತಿದಳು. ಸದ್ದು ಎಲ್ಲಿಂದ ಬರಬೇಕು? ಚಕ್ರಕ್ಕಿಂತ ಮೊದಲೇ ಬ್ಯಾಟರಿ ಮಾಯವಾಗಿತ್ತು. ಹಾರನ್ ಕೇಳದಿದ್ದರೆ ಮನೆಗೆ ಎಂದು ಬರೆದ ಮಹಾನುಭಾವ ಸ್ಟೂಲಿನ ಮೇಲೆ ಬೆವರಿದ. ಅಂಗಳವೆಲ್ಲ ಜೀಪಿನತ್ತ ತಿರುಗಿತ್ತು. ಮಹಡಿಯ ಕಿಟಕಿಯಲ್ಲಿ ಮೇಡಂ ಬೇರೆ ನಿಂತಿದ್ದರು.

ಆಗ ಛತ್ರಿಯ ಹಿಂದಿನಿಂದ ಕೇಳಿಸಿತು.

"ಪೋಂ!"

ಸಂಕೋಚದ, ಬಾಯಿಂದ ಬಂದ ಹಾರನ್. ಯಾರಿಗಾದರೂ ಕೇಳಿಸಿತೋ ಇಲ್ಲವೋ ಎಂಬ ಭಯಕ್ಕೆ ಅವಳು ಮತ್ತೆ, ಈ ಸಲ ಎದೆತುಂಬಿ, ನಿಜವಾದ ಬಸ್ಸೇ ಅಂಗಳಕ್ಕೆ ನುಗ್ಗಿದ ಹಾಗೆ ಕೂಗಿದಳು. "ಪೋಂ... ಪೋಂ!"

"ಏನ್ರೀ ಅದು?" ಎಂದರು ಮೇಡಂ ಮೇಲಿನಿಂದ. "ಆ ಜೀಪಲ್ಲಿ ಬ್ಯಾಟರೀನೇ ಇಲ್ವಲ್ಲ?"

"ಹಾರನ್ ಮೇಡಂ! ನನಗಂತೂ ಚೆನ್ನಾಗಿ ಕೇಳಿಸ್ತು. ನಿಮಗೆ ಕೇಳಿಸ್ಲಿಲ್ವಾ?"

ಮೇಡಂ ಜೀಪನ್ನು ನೋಡಿದರು, ಛತ್ರಿಯನ್ನು ನೋಡಿದರು. "ಊರಿಗೆಲ್ಲ ಕೇಳಿಸ್ತು. ಬರ್ಕೊಳ್ಳಿ," ಎಂದು ಕಿಟಕಿ ಮುಚ್ಚಿಕೊಂಡರು.

ಪ್ರಮಾಣಪತ್ರ ಕೊಡುವಾಗ ಪ್ರಮಾಣಪ್ಪ ಕೇಳಿದ, "ಎಷ್ಟು ಚೆನ್ನಾಗಿ ಹೊಡೀತೀಯಮ್ಮಾ, ಎಲ್ಲಿ ಕಲಿತೆ?"

"ಮಗಳು ದಿನಾ ಫೋನಲ್ಲಿ ಕೇಳ್ತಾಳೆ ಸಾರ್, ಅಮ್ಮಾ, ನನ್ನ ಕರ್ಕೊಂಡು ಬರೋ ಬಸ್ ಯಾವಾಗ ಬರತ್ತೆ ಅಂತ. ನಾನು ಪೋಂ ಅಂತೀನಿ. ಹೊರಟಿತು, ಬರ್ತಾ ಇದೆ ಅಂತ ಅಂದ್ಕೊಂಡು ಮಲಗ್ತಾಳೆ."

ಪ್ರಮಾಣಪ್ಪನಿಗೆ ಅಳು ಬಂತು. ಗಂಟಲು ಕಟ್ಟಿದ್ದು ಅವನ ಸೇವಾವಧಿಯಲ್ಲಿ ಅದೇ ಮೊದಲು. ಆ ಸಂಜೆ ಅವನು ಊಟಕ್ಕೆ ಕೂತು ಮೆಲ್ಲಗೆ ಉಪ್ಪು ಕೇಳಿದ್ದಕ್ಕೆ ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ಜ್ವರ ನೋಡಿದಳು.

ಕಚೇರಿಯ ಬೀಗ ಮತ್ತೆ ತೆಗೆದ ದಿನ ಅಂಗಳದಲ್ಲಿ ಹೊಸ ಅರ್ಜಿದಾರರ ಕಾರುಗಳ ಸಾಲು. ಪ್ರಮಾಣಪ್ಪ ಸ್ಟೂಲ್ ಹತ್ತಿ ಮೈಕ್ ಎತ್ತಿದಾಗ ಗೇಟಿನ ಆಚೆ ಹೊಲಿಗೆಯವಳು ನಿಂತಿದ್ದಳು. ಅವಳ ಸೆರಗಿನ ಹಿಂದಿನಿಂದ ಪುಟ್ಟ ಮುಖವೊಂದು, ಹೂವಿನ ಬಟ್ಟೆಯ ಮಾಸ್ಕ್ ತೊಟ್ಟು, ಅವನನ್ನು ಇಣುಕಿ ನೋಡುತ್ತಿತ್ತು. ಬಂದಿತ್ತು, ಮಗು ಬಂದೇಬಿಟ್ಟಿತ್ತು! ಪ್ರಮಾಣಪ್ಪನಿಗೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಮೈಕನ್ನು ಬಾಯಿಗಿಟ್ಟು, ದೇವರು ಕೊಟ್ಟ ಗಂಟಲನ್ನೆಲ್ಲ ಬಿಚ್ಚಿ, "ಪೋಂ!" ಎಂದ.

ಅದೇ ಸೂಚನೆಯೆಂದುಕೊಂಡು ಅಂಗಳದ ಅಷ್ಟೂ ಕಾರುಗಳು ಒಟ್ಟಿಗೆ ಹಾರನ್ ಹೊಡೆದವು. ಮೇಡಂ ಕಿಟಕಿ ತೆರೆದರು. ಗೇಟಿನಾಚೆ ಮಗು ಕುಣಿಕುಣಿದು ನಗುತ್ತಿತ್ತು. ಪ್ರಮಾಣವಚನ ಇನ್ನೂ ಶುರುವೇ ಆಗಿರಲಿಲ್ಲ.